ಗೇಟಿನ ಮುಂದೆ ನಿಂತವರಿಗೂ ತಿಳಿಯಬೇಕು: ಕಲಬುರಗಿಯ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಕುಟುಂಬ ಸುದ್ದಿ, ಕುಟುಂಬ ಚಟುವಟಿಕೆ ನಡೆಸುವ ಸಮಗ್ರ ಮಾರ್ಗದರ್ಶಿ

ಸೇಡಂ ರಸ್ತೆ, ಜೇವರ್ಗಿ ರಸ್ತೆ, ರಿಂಗ್ ರೋಡ್, ಕಲಬುರಗಿಯ ಯಾವ ದಿಕ್ಕಿಗೆ ಹೊರಟರೂ ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಇರುವ ಶಾಲೆಯ ಫಲಕ ಕಣ್ಣಿಗೆ ಬೀಳುತ್ತದೆ. ಹೆಸರು ಏನೇ ಇರಲಿ, ಈ ಭಾಗದಲ್ಲಿ ಇಂಥ ಶಾಲೆಗಳು ಬಹುಪಾಲು ಸಿಬಿಎಸ್‌ಇ ಪಠ್ಯಕ್ರಮದವು. ಐಬಿ, ಕೇಂಬ್ರಿಡ್ಜ್‌ನಂಥ ವಿದೇಶಿ ಪಠ್ಯಕ್ರಮದ ಶಾಲೆಗಳು ದೊಡ್ಡ ನಗರಗಳಲ್ಲೇ ಹೆಚ್ಚು. ಆದರೆ ಆ ಶಾಲೆಗಳ ಒಂದು ಒಳ್ಳೆಯ ರೂಢಿಯನ್ನು ನಮ್ಮವರೂ ತಂದುಕೊಂಡಿದ್ದಾರೆ: ವಾರಕ್ಕೊಂದು ಸುದ್ದಿಪತ್ರ, ತಿಂಗಳಿಗೊಂದು ಕುಟುಂಬ ಚಟುವಟಿಕೆ. ತಂದದ್ದು ಸರಿ, ತಂದ ರೀತಿಯಲ್ಲೇ ತೊಡಕು. ಸುದ್ದಿಪತ್ರ ಚಂದದ ಇಂಗ್ಲಿಷಿನಲ್ಲಿ, ಬಣ್ಣಬಣ್ಣದ ಪಿಡಿಎಫ್ ಆಗಿ ಬರುತ್ತದೆ. ಮಗುವನ್ನು ಕರೆದೊಯ್ಯಲು ಬಂದ ಅಜ್ಜನಿಗೋ ಆಟೊ ನಡೆಸುವವರಿಗೋ ನಾಳೆ ಶಾಲೆ ಬೇಗ ಬಿಡುತ್ತದೆಂಬುದು ಗೇಟಿನ ಮುಂದೆ ನಿಂತಾಗಲೇ ತಿಳಿಯುತ್ತದೆ.

ಈ ಬರಹ ಶಾಲೆಯ ಪಾಲಕರ ಬಳಗಕ್ಕೆ, ಈ ಕೆಲಸ ಹೆಗಲಿಗೆ ಬಿದ್ದ ಶಿಕ್ಷಕರಿಗೆ. ಕಲಬುರಗಿಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಬೀದರ್, ಯಾದಗಿರಿಯವರು ಊರ ಹೆಸರು, ದೂರಗಳನ್ನು ಬದಲಿಸಿಕೊಂಡರೆ ಸಾಕು.

ಹಂತ 1: ಮೊದಲು ಯಾರ ಮನೆ, ಯಾವ ಮಾತು ಎಂಬುದು ತಿಳಿಯಲಿ

ಒಂದೇ ತರಗತಿಯಲ್ಲಿ ಕುಳಿತ ಮಕ್ಕಳ ಮನೆಗಳನ್ನು ನೋಡಿ. ಒಬ್ಬರದು ದಾಲ್ ಮಿಲ್. ಇನ್ನೊಬ್ಬರ ಅಪ್ಪ ಸೇಡಂ ಅಥವಾ ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಯಲ್ಲಿ ಎಂಜಿನಿಯರ್, ಮನೆಮಾತು ಹಿಂದಿ ಅಥವಾ ತೆಲುಗು. ಮತ್ತೊಬ್ಬರ ಅಮ್ಮ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ, ಬಂದದ್ದು ಕೇರಳದಿಂದ. ಆಳಂದದ ಕಡೆಯವರ ಮನೆಯಲ್ಲಿ ಮರಾಠಿ, ಹಳೆ ಊರಿನವರ ಮನೆಯಲ್ಲಿ ದಖನಿ ಉರ್ದು, ತಾಂಡಾದಿಂದ ಬರುವ ಮಗುವಿನ ಮನೆಯಲ್ಲಿ ಲಂಬಾಣಿ. ಬೀದರಿನಲ್ಲಾದರೆ ವಾಯುಪಡೆ ಕುಟುಂಬಗಳೂ ಸೇರಿ ಪಟ್ಟಿ ಇನ್ನೂ ಬೆಳೆಯುತ್ತದೆ. ಪಾಸ್‌ಪೋರ್ಟ್ ಎಣಿಸಿದರೆ ನಮ್ಮ ಶಾಲೆಗಳು ಅಂತರರಾಷ್ಟ್ರೀಯ ಅಲ್ಲದಿರಬಹುದು, ಮಾತಿನ ಲೆಕ್ಕ ಹಿಡಿದರೆ ಯಾರಿಗೂ ಕಮ್ಮಿಯಿಲ್ಲ.

ಹಾಗಾಗಿ ವರ್ಷದ ಆರಂಭದಲ್ಲಿ ಒಂದು ಪುಟದ ನಮೂನೆ ತುಂಬಿಸಿಕೊಳ್ಳಿ. ಪ್ರವೇಶದ ಅರ್ಜಿಯಲ್ಲಿ ಇವೆಲ್ಲ ಇವೆಯಲ್ಲ ಎನ್ನಬೇಡಿ, ಅಲ್ಲಿ ಇರುವುದು ಅಪ್ಪನ ಹುದ್ದೆ ಮತ್ತು ಆದಾಯ. ನಿಮಗೆ ಬೇಕಾದದ್ದು ಬೇರೆ. ಮನೆಯಲ್ಲಿ ಆಡುವ ಮಾತು, ಓದಲು ಸಲೀಸಾದ ಲಿಪಿ. ಮಗುವನ್ನು ದಿನಾ ಬಿಡುವವರು, ಕರೆದೊಯ್ಯುವವರು ಯಾರು, ಅವರ ಬಳಿ ಇರುವುದು ಸ್ಮಾರ್ಟ್‌ಫೋನೋ ಕೀಪ್ಯಾಡ್ ಫೋನೋ. ಊಟದಲ್ಲಿ ಏನು ನಡೆಯುವುದಿಲ್ಲ, ಅಲರ್ಜಿ ಏನಿದೆ. ಫೋಟೊಗೆ ಒಪ್ಪಿಗೆ ಇದೆಯೇ (ಇದರ ಬಗ್ಗೆ ಮುಂದೆ ಹೇಳುತ್ತೇನೆ). ಕೊನೆಯಲ್ಲಿ ಒಂದು ಸಾಲು: ‘ನಿಮ್ಮ ಮನೆಯವರು ಮಕ್ಕಳಿಗೆ ಏನು ಕಲಿಸಬಲ್ಲರು?’ ಈ ಸಾಲಿಗೆ ಬರುವ ಉತ್ತರಗಳೇ ವರ್ಷವಿಡೀ ನಿಮ್ಮನ್ನು ಕಾಯುತ್ತವೆ. ಕೌದಿ ಹೊಲಿಯುವ ಅಜ್ಜಿ, ತಬಲಾ ನುಡಿಸುವ ಅಪ್ಪ, ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುವ ಕಾಕಾ ಎಲ್ಲರೂ ಅಲ್ಲೇ ಸಿಗುತ್ತಾರೆ.

ನಮೂನೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರಲಿ. ಬರೆಯಲು ಬಾರದವರ ಪರವಾಗಿ ಮಗುವೇ ಕೇಳಿ ಬರೆದರೂ ಚಿಂತೆಯಿಲ್ಲ.

ಹಂತ 2: ತಂಡ ಸಣ್ಣದಿರಲಿ, ಕೊನೆಯ ಮಾತು ಯಾರದೆಂದು ಬರೆದಿಡಿ

ಐದಾರು ಜನ ಸಾಕು. ಶಾಲೆಯ ಕಡೆಯಿಂದ ಒಬ್ಬ ಶಿಕ್ಷಕರು, ಕನ್ನಡ ಚೆನ್ನಾಗಿ ಬರೆಯುವವರೊಬ್ಬರು, ಉರ್ದು ಅಥವಾ ಹಿಂದಿ ಬಲ್ಲವರೊಬ್ಬರು, ಲೆಕ್ಕ ಇಡುವವರೊಬ್ಬರು, ವಾಹನ, ಊಟ ಅಂತ ಓಡಾಡುವವರಿಬ್ಬರು. ಸಿಬಿಎಸ್‌ಇ ನಿಯಮದಂತೆ ಶಾಲೆಯ ಆಡಳಿತ ಸಮಿತಿಯಲ್ಲಿ ಪಾಲಕರ ಪ್ರತಿನಿಧಿಗಳಿರಬೇಕು. ಅವರಲ್ಲಿ ಒಬ್ಬರನ್ನು ತಂಡಕ್ಕೆ ಎಳೆದುಕೊಂಡರೆ ಅನುಮತಿಗಾಗಿ ಅಲೆಯುವುದು ತಪ್ಪುತ್ತದೆ.

ಪ್ರಾಂಶುಪಾಲರ ಜೊತೆ ಮೊದಲೇ ಮಾತಾಡಿಕೊಳ್ಳಬೇಕಾದದ್ದು ಒಂದೇ: ರಜೆ, ಶುಲ್ಕ, ಪರೀಕ್ಷೆ, ಬಸ್ಸಿನ ಸುದ್ದಿ ಶಾಲೆಯ ಬಾಯಿಂದಲೇ ಬರಬೇಕು. ಪಾಲಕರ ಬಳಗ ಅದನ್ನು ಸರಳ ಮಾಡಿ ತಲುಪಿಸಬಹುದು, ತಾನೇ ಹುಟ್ಟಿಸುವಂತಿಲ್ಲ. ‘ನಾಳೆ ರಜಾ ಅಂತ ಕೇಳಿದೆ’ ಎನ್ನುವ ಒಂದು ಸಂದೇಶ ಮಳೆಗಾಲದಲ್ಲಿ ಮಾಡುವ ಅನಾಹುತ ಎಲ್ಲರಿಗೂ ಗೊತ್ತಿದ್ದದ್ದೇ.

ಹಂತ 3: ಬಿಸಿಲು ನೋಡಿ ಕ್ಯಾಲೆಂಡರ್ ಬರೆಯಿರಿ

ಬೆಂಗಳೂರಿನ ಶಾಲೆಯ ಕ್ಯಾಲೆಂಡರನ್ನು ನಕಲು ಮಾಡಿ ಇಲ್ಲಿಗೆ ತಂದರೆ ಅರ್ಧ ಕಾರ್ಯಕ್ರಮ ಬಿಸಿಲಿಗೆ ಹೋಗುತ್ತವೆ, ಉಳಿದರ್ಧ ಜಾತ್ರೆಗೆ. ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದೇ ಎಂದು ನನ್ನ ಅಭಿಪ್ರಾಯ.

ಸಿಬಿಎಸ್‌ಇ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಶುರು. ಕಲಬುರಗಿಯಲ್ಲಿ ಏಪ್ರಿಲ್, ಮೇ ಎಂದರೆ ಪಾದರಸ 42 ಡಿಗ್ರಿ ದಾಟುವ ಕಾಲ. ಈ ವಿಭಾಗದ ಸರ್ಕಾರಿ ಕಚೇರಿಗಳೇ ಆ ಎರಡು ತಿಂಗಳು ಬೆಳಿಗ್ಗೆ 8ಕ್ಕೆ ಬಾಗಿಲು ತೆಗೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ರೂಢಿ ಬಂದದ್ದು ಈ ಬಿಸಿಲಿನಿಂದ. ಹೊಸ ಪಾಲಕರ ಪರಿಚಯದ ಸಭೆಯನ್ನು ಮುಂಜಾನೆ 7.30ಕ್ಕೆ ಇಟ್ಟು 9ರೊಳಗೆ ಮುಗಿಸಿ. ಬಂದವರಿಗೆ ಚಹಾದ ಬದಲು ಮಜ್ಜಿಗೆ ಕೊಡಿ. ಹೊರಾಂಗಣ ಆಟ, ಮೆರವಣಿಗೆ, ಕ್ರೀಡಾಕೂಟ ಯಾವುದನ್ನೂ ಈ ತಿಂಗಳುಗಳಲ್ಲಿ ಬರೆಯಲೇಬೇಡಿ.

ಜೂನ್, ಜುಲೈ ತೊಗರಿ ಬಿತ್ತನೆಯ ಕಾಲ. ಪೇಟೆಯಲ್ಲಿ ಮನೆ ಮಾಡಿದ್ದರೂ ಹೊಲ ಊರಲ್ಲಿರುವ ಕುಟುಂಬಗಳು ಬಹಳ. ಮಳೆ ಬಿದ್ದ ವಾರ ಅಪ್ಪಂದಿರು ಸಭೆಗೆ ಬರುವುದಿಲ್ಲ, ಬರಲಿಲ್ಲವೆಂದು ಬೇಸರಪಡುವುದೂ ಸಲ್ಲ. ಈ ಕಾಲಕ್ಕೆ ಮನೆಯೊಳಗಿನ ಚಟುವಟಿಕೆ ಕೊಡಿ: ಕಥೆ ಹೇಳಿ ರೆಕಾರ್ಡ್ ಮಾಡುವುದು, ಮಳೆ ಅಳೆಯುವ ಬಾಟಲಿ ಮಾಡುವುದು, ಅಜ್ಜಿಯ ಒಂದು ಅಡುಗೆ ಬರೆದುಕೊಳ್ಳುವುದು.

ಸೆಪ್ಟೆಂಬರ್ 17 ನಮ್ಮ ಭಾಗಕ್ಕೇ ಸೇರಿದ ದಿನ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು ಅಂದು, ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದದ್ದು 2019ರಲ್ಲಿ. ಮೈಸೂರು ಕಡೆಯಿಂದ, ಹೊರ ರಾಜ್ಯದಿಂದ ಬಂದ ಕುಟುಂಬಗಳಿಗೆ ಆಗಸ್ಟ್ 15 ಆಗಿ ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಧ್ವಜ ಏಕೆ ಏರುತ್ತದೆಂದು ಗೊತ್ತಿರುವುದಿಲ್ಲ. ಸುದ್ದಿಪತ್ರದಲ್ಲಿ ನಾಲ್ಕು ಸಾಲು ಬರೆಯಿರಿ. ಎಂಬತ್ತೈದು ದಾಟಿದ ಅಜ್ಜ ಅಜ್ಜಿಯರು ಇರುವ ಮನೆಗಳಿಂದ ಆ ಕಾಲದ ನೆನಪು ಕೇಳಿಸಿಕೊಳ್ಳುವ ಕಾರ್ಯಕ್ರಮ ಇಡಬಹುದು. ಒಂದು ಎಚ್ಚರ ಇರಲಿ: ಆ ದಿನಗಳಲ್ಲಿ ಹಿಂದೂ, ಮುಸ್ಲಿಂ ಎರಡೂ ಸಮುದಾಯದವರು ನೋವು ಉಂಡಿದ್ದಾರೆ. ಮಾತಾಡುವವರ ಜೊತೆ ಒಬ್ಬ ಇತಿಹಾಸದ ಶಿಕ್ಷಕರು ಮೊದಲೇ ಕುಳಿತು ಮಾತಾಡಿಕೊಂಡಿರಲಿ, ಸಣ್ಣ ತರಗತಿಗಳನ್ನು ಅಲ್ಲಿ ಕೂರಿಸಬೇಡಿ.

ನವೆಂಬರಿನಿಂದ ಜನವರಿವರೆಗೆ ನಮಗೆ ಬಂಗಾರದ ಕಾಲ. ಪ್ರವಾಸ, ಕ್ರೀಡೆ, ಮೇಳ ಎಲ್ಲವನ್ನೂ ಇಲ್ಲಿಗೇ ತನ್ನಿ. ನವೆಂಬರ್ 1ರ ರಾಜ್ಯೋತ್ಸವದಿಂದ ಶುರು ಮಾಡಿ, ಕಲಬುರಗಿಯವರಿಗೆ ಅದು ಗುಲ್ಬರ್ಗ ಹೋಗಿ ಕಲಬುರಗಿ ಅಧಿಕೃತವಾದ ದಿನವೂ ಹೌದು (2014). ಫೆಬ್ರವರಿ ನಡುವಿನಿಂದ ಹತ್ತು, ಹನ್ನೆರಡನೇ ತರಗತಿಯ ಬೋರ್ಡ್ ಪರೀಕ್ಷೆ ಬಂದುಬಿಡುತ್ತದೆ, ಆಗ ಮೈಕು ಹಚ್ಚುವ ಕಾರ್ಯಕ್ರಮ ಬೇಡ.

ಮಾರ್ಚಿನಲ್ಲಿ ಹೋಳಿ, ಅದರ ಬೆನ್ನಿಗೇ ಶರಣಬಸವೇಶ್ವರ ಜಾತ್ರೆ. ತೇರಿನ ದಿನ ಊರಿನ ಅರ್ಧ ರಸ್ತೆ ನಡೆಯುವವರದು. ರಂಜಾನ್, ಮೊಹರಂ, ಇಸ್ಲಾಮಿ ಪಂಚಾಂಗದ ಜಿಲ್ಕದ್ ತಿಂಗಳಲ್ಲಿ ಬರುವ ಸೂಫಿ ಸಂತ ಬಂದೇನವಾಜರ ಉರುಸು ಪ್ರತಿ ವರ್ಷ 10-11 ದಿನ ಹಿಂದಕ್ಕೆ ಸರಿಯುತ್ತ ಹೋಗುವುದರಿಂದ ಕಳೆದ ವರ್ಷದ ಹಾಳೆ ನೋಡಿ ದಿನ ಗೊತ್ತು ಮಾಡಬೇಡಿ. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ತಿಂಡಿ ಮೇಳ ಇಟ್ಟರೆ ಶಾಲೆಯ ಒಂದು ದೊಡ್ಡ ಭಾಗ ದೂರ ನಿಂತು ನೋಡಬೇಕಾಗುತ್ತದೆ. ಸೂರ್ಯ ಮುಳುಗಿದ ಮೇಲೆ ಇಟ್ಟರೆ ಅದೇ ಇಫ್ತಾರ್ ಆಗುತ್ತದೆ, ಎಲ್ಲರೂ ಕೂತು ಉಣ್ಣಬಹುದು.

ಹಂತ 4: ಸುದ್ದಿಪತ್ರ ಬರೆಯುವುದು

ಶುಕ್ರವಾರ ಸಂಜೆ ಹೊರಡಲಿ, ಒಂದೇ ಪುಟ ಇರಲಿ. ಮೊದಲ ಭಾಗದಲ್ಲಿ ‘ಬರುವ ವಾರ ನೀವು ಮಾಡಬೇಕಾದದ್ದು’, ಎರಡನೆಯದರಲ್ಲಿ ‘ಬರುವ ತಿಂಗಳು’, ಮೂರನೆಯದರಲ್ಲಿ ‘ಆದದ್ದು’. ಬಹುತೇಕ ಶಾಲೆಗಳು ಇದನ್ನು ತಲೆಕೆಳಗು ಮಾಡುತ್ತವೆ: ಮೊದಲ ಪುಟ ತುಂಬ ಗಣ್ಯರ ಕೈಯಲ್ಲಿ ದೀಪ, ಸ್ಮರಣಿಕೆ, ಶಾಲು. ಬಸ್ಸಿನ ಸಮಯ ಬದಲಾದದ್ದು ನಾಲ್ಕನೇ ಪುಟದ ಮೂಲೆಯಲ್ಲಿ. ಶಾಲು ಹೊದಿಸಿದ ಫೋಟೊ ಬೇಡವೆಂದಲ್ಲ, ಅದು ಕೊನೆಗೆ ಬರಲಿ.

ಒಂದು ಉದಾಹರಣೆ ನೋಡಿ. ಶಾಲೆಯಿಂದ ಬರುವ ಸೂಚನೆ ಸಾಮಾನ್ಯವಾಗಿ ಹೀಗಿರುತ್ತದೆ: ‘ಅನಿವಾರ್ಯ ಆಡಳಿತಾತ್ಮಕ ಕಾರಣಗಳಿಂದ ಗುರುವಾರದಂದು ಶಾಲಾ ಅವಧಿಯನ್ನು ಪರಿಷ್ಕರಿಸಲಾಗಿದ್ದು ಪಾಲಕರು ಸಹಕರಿಸಬೇಕಾಗಿ ವಿನಂತಿ.’ ಇದನ್ನು ಓದಿದವರಿಗೆ ಏನು ಮಾಡಬೇಕೆಂದು ತಿಳಿಯಿತೇ? ಹೀಗೆ ಬರೆಯಿರಿ:

‘ಗುರುವಾರ ಶಾಲೆ ಮಧ್ಯಾಹ್ನ 12ಕ್ಕೆ ಬಿಡುತ್ತದೆ. ಶಾಲೆಯ ಬಸ್ಸು 12.10ಕ್ಕೆ ಹೊರಡುತ್ತದೆ. ಆಟೊದಲ್ಲಿ ಬರುವ ಮಕ್ಕಳ ಮನೆಯವರು ಬುಧವಾರವೇ ಆಟೊದವರಿಗೆ ತಿಳಿಸಿರಿ. ಊಟದ ಡಬ್ಬಿ ಬೇಡ, ನೀರಿನ ಬಾಟಲಿ ಬೇಕು.’

ಯಾವ ದಿನ, ಎಷ್ಟು ಗಂಟೆ, ಯಾರು ಏನು ಮಾಡಬೇಕು, ಏನು ತರಬೇಕು. ಈ ನಾಲ್ಕು ಇಲ್ಲದ ಸುದ್ದಿಯನ್ನು ಬರೆದವರಿಗೇ ವಾಪಸು ಕಳಿಸಿ.

ಭಾಷೆಯ ವಿಷಯ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಅಕ್ಕಪಕ್ಕ ಇರಬೇಕು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಂತೆ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲೂ ಕನ್ನಡ ಕಲಿಸಲೇಬೇಕು. ಹೊರಗಿನಿಂದ ಬಂದ ಮಗು ಕನ್ನಡದ ಭಾಗವನ್ನು ಮನೆಯಲ್ಲಿ ಗಟ್ಟಿಯಾಗಿ ಓದಲಿ, ಅದೇ ಒಂದು ಮನೆಪಾಠ. ಯಂತ್ರಕ್ಕೆ ಹಾಕಿ ಅನುವಾದಿಸಿ ಹಾಗೇ ಅಂಟಿಸಬೇಡಿ. ಯಂತ್ರ ಕೊಟ್ಟದ್ದನ್ನು ಕನ್ನಡ ಮೇಡಂ ಒಮ್ಮೆ ಓದಿ, ನಮ್ಮ ಭಾಗದ ಮಾತಿಗೆ ತಂದು ಕೊಡಲಿ. ‘ಬೆಳಗಿನ ಜಾವ’ ಅಂತ ಬರೆದು ಬೆಳಿಗ್ಗೆ 9 ಗಂಟೆಯ ಕಾರ್ಯಕ್ರಮಕ್ಕೆ ಕರೆದರೆ ಅಜ್ಜ ನಾಲ್ಕಕ್ಕೇ ಎದ್ದು ಕೂತಿರುತ್ತಾನೆ.

ತಾಂತ್ರಿಕ ಸಂಗತಿ ಒಂದಿದೆ, ಸಣ್ಣದಲ್ಲ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಬಹಳ ಕೆಲಸ ಹಳೆಯ ನುಡಿ ಫಾಂಟುಗಳಲ್ಲಿ ನಡೆಯುತ್ತದೆ. ಆ ಅಕ್ಷರವನ್ನು ನಕಲು ಮಾಡಿ ಮೊಬೈಲಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಬರುತ್ತದೆ. ಯೂನಿಕೋಡಿಗೆ ಬದಲಿಸಿಯೇ ಕೊಡಿ ಎಂದು ಮೊದಲೇ ಹೇಳಿ. ಅಥವಾ ನೀವೇ ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಬರೆಯಿರಿ, ಮಾತಾಡಿದರೆ ಬರೆದುಕೊಳ್ಳುವ ಸೌಲಭ್ಯವೂ ಈಗ ಸಾಕಷ್ಟು ಚೆನ್ನಾಗಿದೆ. ಮುಖ್ಯ ಸೂಚನೆಯನ್ನು ಚಿತ್ರವಾಗಿ ಮಾತ್ರ ಕಳಿಸಬೇಡಿ, ಪಠ್ಯವಾಗಿಯೂ ಹಾಕಿ. ಚಿತ್ರದಲ್ಲಿನ ಅಕ್ಷರವನ್ನು ಹುಡುಕಲು ಆಗುವುದಿಲ್ಲ, ಕಣ್ಣು ಮಂದವಾದವರಿಗೆ ಫೋನು ಓದಿ ಹೇಳಲೂ ಆಗುವುದಿಲ್ಲ.

ಓದಲು ಬಾರದವರಿಗೆ ಧ್ವನಿ ಸಂದೇಶ. ಇದು ನಾನು ಬಹಳ ಮೆಚ್ಚುವ ದಾರಿ. ‘ಬರುವ ವಾರ ಮಾಡಬೇಕಾದದ್ದು’ ಇಷ್ಟನ್ನೇ ಒಂದು ನಿಮಿಷದೊಳಗೆ ಕಲಬುರಗಿ ಕನ್ನಡದಲ್ಲಿ ಒಮ್ಮೆ, ದಖನಿಯಲ್ಲಿ ಒಮ್ಮೆ ಹೇಳಿ ಕಳಿಸಿ. ‘ನಮಸ್ಕಾರ್ರಿ, ಗುರುವಾರ ಸಾಲಿ ಹನ್ನೆರಡಕ್ಕ ಬಿಡ್ತದ, ಡಬ್ಬಿ ಕಟ್ಟಬ್ಯಾಡ್ರಿ’ ಎಂದರೆ ಸಾಕು. ಏಳನೇ ತರಗತಿಯ ಮಕ್ಕಳಿಗೇ ಸರದಿಯಂತೆ ಈ ಕೆಲಸ ಕೊಟ್ಟರೆ ತಮ್ಮ ಮಗುವಿನ ದನಿ ಬರುತ್ತದೆಂದು ಇಡೀ ಓಣಿ ಕಾಯುತ್ತದೆ.

ಹಂತ 5: ವಾಟ್ಸ್‌ಆ್ಯಪ್ ಗದ್ದಲ ಹತೋಟಿಗೆ

ಎರಡು ಗುಂಪು ಮಾಡಿ. ಸುದ್ದಿಯ ಗುಂಪಿನಲ್ಲಿ ಅಡ್ಮಿನ್‌ಗಳಷ್ಟೇ ಬರೆಯುವಂತೆ ಬೀಗ ಹಾಕಿ. ಮಾತಿನ ಗುಂಪು ಬೇರೆ, ಅದು ತರಗತಿವಾರು ಇರಲಿ, ಬೇಡವಾದವರು ಹೊರಗಿರಲಿ. ಶುಭೋದಯದ ಹೂವು, ರಾಜಕೀಯ, ಪ್ಲಾಟು ಮಾರಾಟ ಎಲ್ಲಿಗೂ ಬೇಡ. ಬ್ರಾಡ್‌ಕಾಸ್ಟ್ ಪಟ್ಟಿ ಬಳಸುವುದಾದರೆ ನೆನಪಿರಲಿ, ನಿಮ್ಮ ನಂಬರನ್ನು ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಎಷ್ಟು ಜನ ಬರುತ್ತೀರಿ ಎಂದು ಕೇಳಲು ಪೋಲ್ ಹಾಕಿ, ನೂರು ‘ಓಕೆ’ಗಳನ್ನು ಎಣಿಸುವ ಕಷ್ಟ ತಪ್ಪುತ್ತದೆ.

ಕೀಪ್ಯಾಡ್ ಫೋನಿನವರಿಗೆ ಗೇಟಿನ ಪಕ್ಕದ ಕರಿಹಲಗೆಯೇ ಸುದ್ದಿಪತ್ರ. ದೊಡ್ಡ ಕನ್ನಡ ಅಕ್ಷರದಲ್ಲಿ ಮೂರು ಸಾಲು. ಗೇಟಿನ ಕಾವಲಿನವರಿಗೂ ವಾರದ ಸುದ್ದಿ ಮೊದಲೇ ಹೇಳಿರಬೇಕು, ಎಲ್ಲರೂ ಕೇಳುವುದು ಅವರನ್ನೇ.

ಹಂತ 6: ಚಟುವಟಿಕೆ ಆರಿಸುವುದು

ಇದಕ್ಕೆ ಊರು ಬಿಟ್ಟು ಹೈದರಾಬಾದಿನ ವಾಟರ್ ಪಾರ್ಕಿಗೇ ಹೋಗಬೇಕಿಲ್ಲ. ಹೋದರೂ ಆ ದಿನ ಅಪ್ಪ ಅಮ್ಮ ಬೆಂಚಿನ ಮೇಲೆ ಫೋನು ಹಿಡಿದು ಕೂತಿರುತ್ತಾರೆ. ಕುಟುಂಬ ಚಟುವಟಿಕೆಯಲ್ಲಿ ದೊಡ್ಡವರಿಗೂ ಕೈಗೆ ಕೆಲಸ ಇರಬೇಕು.

ಸಲೀಸಾದವುಗಳಿಂದ ಶುರು ಮಾಡಿ. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರದಲ್ಲಿ ಮುಟ್ಟಿ, ಎಳೆದು, ತಿರುಗಿಸಿ ನೋಡುವ ಪ್ರದರ್ಶಿಕೆಗಳಿವೆ, ಸಣ್ಣವರಿಗೆ ಒಂದು ಮಧ್ಯಾಹ್ನ ಸಾಕಾಗುವುದಿಲ್ಲ. ಕೋಟೆಯೊಳಗಿನ ಜಾಮಿ ಮಸೀದಿ 1367ರದು, ನಡುವೆ ತೆರೆದ ಅಂಗಳವಿಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿರುವುದೇ ಅದರ ವಿಶೇಷ. ಚಳಿಗಾಲದ ಒಂದು ಭಾನುವಾರ ಮುಂಜಾನೆ ಮಕ್ಕಳ ಕೈಗೆ ಹಾಳೆ ಕೊಟ್ಟು ಕಮಾನುಗಳನ್ನು ಎಣಿಸಿ ಬಿಡಿಸಲು ಹೇಳಿ. ಬುದ್ಧ ವಿಹಾರ, ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾ ಮೂರನ್ನೂ ಒಂದೇ ದಿನ ಸುತ್ತಿಸಬಹುದು. ಪ್ರತಿ ಜಾಗದಲ್ಲಿ ಅಲ್ಲಿಗೆ ನಡೆದುಕೊಳ್ಳುವ ಮನೆಯ ಮಗುವೇ ಉಳಿದವರಿಗೆ ಎಲ್ಲಿ ಚಪ್ಪಲಿ ಬಿಡಬೇಕು, ತಲೆ ಮುಚ್ಚಬೇಕೋ ಬೇಡವೋ, ಏನು ನೋಡಬೇಕು ಎಂದು ತೋರಿಸಲಿ.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಸನ್ನತಿ. ಭೀಮಾ ನದಿಯ ದಂಡೆಯ ಈ ಊರಿನಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಕಾ ಗುಡಿಯ ಚಾವಣಿ ಕುಸಿದಾಗ ಪೀಠದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದರಲ್ಲಿರುವ 12ನೇ ಶಾಸನ ತನ್ನ ಪಂಥವನ್ನಷ್ಟೇ ಹೊಗಳಿ ಪರರದನ್ನು ತೆಗಳಬೇಡಿ ಎನ್ನುವಂಥದ್ದು. ಹತ್ತು ಮಾತಿನ, ಐದು ಧರ್ಮದ ಮಕ್ಕಳು ಕೂಡಿ ಓದುವ ಶಾಲೆಗೆ ಇದಕ್ಕಿಂತ ಹತ್ತಿರದ ಪಾಠ ಎಲ್ಲಿ ಸಿಕ್ಕೀತು? ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ರಾಜ ರಾಣಿಯ ಉಬ್ಬುಶಿಲ್ಪದ ಮೇಲೆ ‘ರಾಯೊ ಅಸೋಕೊ’ ಎಂದು ಕೆತ್ತಿದೆ. ಹೋಗುವ ಮುನ್ನ ಮಕ್ಕಳಿಗೆ ತಮ್ಮ ಹೆಸರನ್ನು ಬ್ರಾಹ್ಮಿಯಲ್ಲಿ ಬರೆಯಲು ಕಲಿಸಿ, ಅಲ್ಲಿ ಕಲ್ಲು ನೋಡುವ ಕಣ್ಣೇ ಬೇರೆಯಾಗುತ್ತದೆ. ನೆರಳು, ಹೋಟೆಲು ನೆಚ್ಚಿಕೊಳ್ಳುವಂತಿಲ್ಲ, ಬುತ್ತಿ ಕಟ್ಟಿಕೊಂಡೇ ಹೋಗಿ. ದಾರಿ ಬೇರೆಯಾದರೂ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವೂ ಇಂಥದ್ದೇ ಅರ್ಧ ದಿನದ ಪ್ರವಾಸ, ಕಾಗಿಣಾ ನದಿಯ ದಂಡೆಯ ಕೋಟೆ. ಯಾದಗಿರಿ ಕಡೆಯವರಿಗೆ ಸುರಪುರದ ಹತ್ತಿರದ ಬೋನಾಳ ಕೆರೆ, ಚಳಿಗಾಲದಲ್ಲಿ ವಲಸೆ ಹಕ್ಕಿ ನೋಡಲು.

ಬೀದರ್ ಪ್ರವಾಸ, ಗಂಟೆಗಂಟೆಯ ಲೆಕ್ಕ

ವರ್ಷಕ್ಕೊಂದೇ ದೊಡ್ಡ ಪ್ರವಾಸ ಮಾಡುವುದಾದರೆ ಬೀದರಿಗೆ ಹೋಗಿ. ಕಲಬುರಗಿಯಿಂದ ಸುಮಾರು 110 ಕಿ.ಮೀ. ರೈಲೂ ಇದೆ, ಈ ಮಾರ್ಗ ಪೂರ್ತಿ ತೆರೆದದ್ದು 2017ರಲ್ಲಿ. ಮರಗುತ್ತಿ ಬಳಿ ಸುರಂಗ ಬರುವಾಗ ಮಕ್ಕಳ ಕೂಗು ಕೇಳಬೇಕು. ಆದರೆ ಒಂದೇ ದಿನಕ್ಕೆ ಮುಗಿಸಬೇಕೆಂದರೆ ರೈಲಿನ ಸಮಯ ಹೊಂದುವುದು ಕಷ್ಟ, ಬಸ್ಸೇ ಮೇಲು.

ಮುಂಜಾನೆ 6.30ಕ್ಕೆ ಹೊರಟರೆ ಹುಮನಾಬಾದಿನಲ್ಲಿ ತಿಂಡಿ ಮುಗಿಸಿ 9.30ರ ಹೊತ್ತಿಗೆ ಕೋಟೆ ಬಾಗಿಲಲ್ಲಿರುತ್ತೀರಿ. ಕೋಟೆ ದೊಡ್ಡದು, ಎಲ್ಲವನ್ನೂ ತೋರಿಸಲು ಹೋಗಬೇಡಿ. ರಂಗೀನ್ ಮಹಲ್, ಸೋಲಾ ಖಂಬಾ ಮಸೀದಿ, ಗೋಡೆಯ ಮೇಲಿಂದ ಕಂದಕ, ಇಷ್ಟಾದರೆ ಎರಡು ತಾಸು. ರಂಗೀನ್ ಮಹಲ್‌ನ ಕಪ್ಪು ಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪಿನ ಕೆಲಸವನ್ನು ಇಲ್ಲಿ ಗಮನವಿಟ್ಟು ನೋಡಿಸಿ. ಮಧ್ಯಾಹ್ನ ಬಿದರಿ ಕೆಲಸ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕಲೆ) ನೋಡುವಾಗ, ಕಪ್ಪಿನೊಳಗೆ ಬಿಳಿ ಕೂರಿಸುವ ಅದೇ ಕಣ್ಣು ಇನ್ನೊಂದು ಕೈಯಲ್ಲಿ ಎಂದು ಮಕ್ಕಳೇ ಹೇಳುತ್ತಾರೆ.

11.30ಕ್ಕೆ ಮಹಮೂದ್ ಗಾವಾನನ ಮದರಸಾ. ಇದನ್ನು 1472ರಲ್ಲಿ ಕಟ್ಟಿಸಿದ ಗಾವಾನ್ ಇರಾನಿನ ಗಿಲಾನ್ ಪ್ರಾಂತದಿಂದ ಬಂದು ಬಹಮನಿಯರ ಪ್ರಧಾನಿಯಾದವನು. ದೂರದ ನಾಡಿನ ವಿದ್ವಾಂಸರು ಇಲ್ಲಿ ಪಾಠ ಹೇಳುತ್ತಿದ್ದರು. ಐದು ಶತಮಾನ ಹಿಂದೆಯೇ ಬೀದರಿನಲ್ಲಿ ಒಂದು ಇಂಟರ್‌ನ್ಯಾಷನಲ್ ಶಾಲೆ ಇತ್ತು ಎಂದು ಹೇಳಿದರೆ ಮಕ್ಕಳು ನಗುತ್ತಾರೆ, ಆದರೆ ಮರೆಯುವುದಿಲ್ಲ. ಉಳಿದಿರುವ ಮಿನಾರಿನ ಮೇಲಿನ ನೀಲಿ, ಹಳದಿ ಹೆಂಚಿನ ತುಣುಕುಗಳನ್ನು ದೂರದಿಂದ ಬಿಡಿಸಲಿ.

ಊಟಕ್ಕೆ ಗುರುದ್ವಾರ ನಾನಕ್ ಝೀರಾ ಸಾಹೇಬ್. ಅಲ್ಲಿನ ಉಚಿತ ಸಾಮೂಹಿಕ ಊಟ, ಲಂಗರ್, ಎಲ್ಲರಿಗೂ ತೆರೆದದ್ದು, ಎಲ್ಲರೂ ನೆಲದ ಮೇಲೆ ಸಾಲಾಗಿ ಕೂರುತ್ತಾರೆ. ದೊಡ್ಡ ಗುಂಪಾದರೆ ಮೊದಲೇ ತಿಳಿಸಿ, ಎಲ್ಲರ ಬಳಿ ತಲೆ ಮುಚ್ಚಲು ಒಂದು ಬಟ್ಟೆ ಇರಲಿ, ಉಂಡ ಮೇಲೆ ನಿಮ್ಮ ಗುಂಪಿನವರು ಒಂದಷ್ಟು ಹೊತ್ತು ತಟ್ಟೆ ತೊಳೆಯಲಿ. ಆಗಲೇ ಹೇಳಿದೆನಲ್ಲ, ದೊಡ್ಡವರ ಕೈಗೂ ಕೆಲಸ.

2 ಗಂಟೆಗೆ ಬಿದರಿ ಕುಶಲಕರ್ಮಿಗಳ ಕಾರ್ಯಾಗಾರ. ಇದನ್ನು ಮೊದಲೇ ಮಾತಾಡಿ ಗೊತ್ತುಮಾಡಿ, ಹದಿನೈದು ಜನರಿಗಿಂತ ಹೆಚ್ಚು ಒಮ್ಮೆಗೇ ಒಳಗೆ ಹೋಗಬೇಡಿ, ಕೆಲಸ ನಿಲ್ಲಿಸಿ ತೋರಿಸುವುದಕ್ಕೆ ಹಣ ಕೊಡಿ. ಸತು ಹೆಚ್ಚು, ತಾಮ್ರ ಕಡಿಮೆ ಬೆರೆಸಿ ಅಚ್ಚಿಗೆ ಹೊಯ್ಯುತ್ತಾರೆ. ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಚಿತ್ತಾರ ಕೊರೆದು, ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಉಜ್ಜಿ ನುಣುಪು ಮಾಡಿದ ಮೇಲೆ ಕಾಯಿಸಿ, ಕೋಟೆಯ ಹಳೆ ಕಟ್ಟಡಗಳ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚಿದರೆ ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಏಕೆ ಎಂದು ಎಂಟನೇ ತರಗತಿಯವರನ್ನು ಕೇಳಿ. ರಸಾಯನಶಾಸ್ತ್ರದ ಮೇಡಂ ಜೊತೆಗೆ ಬಂದಿದ್ದರೆ ಒಂದು ತಿಂಗಳ ಪಾಠ ಅಲ್ಲೇ ಶುರುವಾಗುತ್ತದೆ.

3.30ಕ್ಕೆ ಹೊರಡಿ. ಸಮಯ ಮಿಕ್ಕರೆ ನೌಬಾದಿನಲ್ಲಿ ಬಹಮನಿ ಕಾಲದ ನೆಲದಡಿಯ ನೀರಿನ ಕಾಲುವೆ, ಸುರಂಗ ಬಾವಿ, ಮೇಲಿಂದ ನೋಡಿದರೆ ಸಾಕು, ಮಕ್ಕಳನ್ನು ಇಳಿಸಬೇಡಿ. ದಾರಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಕೊಳ್ಳಲು ಹತ್ತು ನಿಮಿಷ ಇಟ್ಟುಕೊಳ್ಳಿ. ನೀವು ಇಡದಿದ್ದರೂ ಅಮ್ಮಂದಿರು ನಿಲ್ಲಿಸುತ್ತಾರೆ.

ಎಳ್ಳ ಅಮಾವಾಸ್ಯೆ: ಇದನ್ನು ಬಿಡಬೇಡಿ

ಪ್ರವಾಸಕ್ಕೆ ದುಡ್ಡು ಕೂಡದಿದ್ದರೂ ಇದೊಂದನ್ನು ಮಾಡಬಹುದು. ಮಾರ್ಗಶಿರದ ಅಮಾವಾಸ್ಯೆಯಂದು, ಅಂದರೆ ಡಿಸೆಂಬರ್ ಕೊನೆಯ ಹೊತ್ತಿಗೆ ಇಲ್ಲವೇ ಜನವರಿಯ ಮೊದಲ ದಿನಗಳಲ್ಲಿ, ಕಲಬುರಗಿ, ಬೀದರ್ ಭಾಗದಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಪೂಜೆ ಮಾಡಿ, ಭೂತಾಯಿಗೆ ಚರಗ ಚೆಲ್ಲಿ (ಎಡೆಯ ಅಡುಗೆಯನ್ನು ಹೊಲದಲ್ಲಿ ಎರಚಿ), ಬೆಳೆಯ ನಡುವೆ ಕೂತು ಉಣ್ಣುತ್ತಾರೆ. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ, ಹತ್ತಾರು ತರಕಾರಿ, ಹಸಿ ಕಾಳು ಕೂಡಿಸಿ ಮಾಡಿದ ಭಜ್ಜಿ. ಹೊಲ ಇರುವ ಮನೆಗಳು ಹೊಲ ಇಲ್ಲದ ಮನೆಗಳನ್ನು ಕರೆಯುವ ಏರ್ಪಾಡು ಮಾಡಿ: ಒಂದು ಮನೆಗೆ ಎರಡು ಅತಿಥಿ ಕುಟುಂಬ. ಕೇರಳದ ಮಗು, ಬಿಹಾರದ ಮಗು ತೊಗರಿ ಗಿಡವನ್ನು ಮೊದಲ ಸಲ ಮುಟ್ಟಿ ನೋಡುತ್ತದೆ. ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ 2019ರಲ್ಲಿ ಬಂದದ್ದನ್ನು ಪುಸ್ತಕದಲ್ಲಿ ಓದುವುದು ಆಮೇಲೆ.

ಅದು ಮನೆಯ ಹಬ್ಬ, ಶಾಲೆಯ ಕಾರ್ಯಕ್ರಮವಲ್ಲ. ಹಾಗಾಗಿ ಬ್ಯಾನರ್, ಮೈಕು, ಸಮವಸ್ತ್ರ ಏನೂ ಬೇಡ. ಕರೆಯುವವರ ಪಟ್ಟಿ, ಬರುವವರ ಪಟ್ಟಿ ಹೊಂದಿಸಿ ಕೊಟ್ಟು ನೀವು ಪಕ್ಕಕ್ಕೆ ಸರಿಯಿರಿ. ಪೂಜೆಯಲ್ಲಿ ಕೂರದವರಿಗೆ ಊಟದ ಹೊತ್ತಿಗೆ ಬನ್ನಿ ಎಂದು ಮೊದಲೇ ಹೇಳಿದರೆ ಯಾರಿಗೂ ಮುಜುಗರವಿಲ್ಲ. ಜನವರಿಯಲ್ಲಿ ಜೋಳದ ಹಾಲುತೆನೆ ಸುಟ್ಟು ತಿನ್ನುವ ಸೀತನಿ ಕೂಟವನ್ನೂ ಹೀಗೇ ನಡೆಸಬಹುದು.

ಹಂತ 7: ವಾಹನ, ಹಣ, ಜೀವದ ಕಾಳಜಿ

ಬಸ್ಸಿಗೆ ಮೊದಲು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವನ್ನು ಕೇಳಿ, ಪ್ರಾಸಂಗಿಕ ಕರಾರಿನ ಮೇಲೆ, ಅಂದರೆ ಇಡೀ ಬಸ್ಸನ್ನು ಬಾಡಿಗೆಗೆ ಹಿಡಿಯುವ ರೀತಿಯಲ್ಲಿ, ಬಸ್ಸು ಸಿಗುತ್ತದೆ. ಖಾಸಗಿಯಾದರೆ ಹಳದಿ ಫಲಕದ ವಾಹನವೇ ಆಗಬೇಕು. ಪರವಾನಗಿ, ಫಿಟ್ನೆಸ್, ವಿಮೆಯ ಪ್ರತಿ ತೆಗೆದುಕೊಳ್ಳಿ, ದಿನಾಂಕ ನೋಡಿ. ಪರಿಚಯದವರ ಬಿಳಿ ಫಲಕದ ಗಾಡಿಯನ್ನು ಬಾಡಿಗೆಗೆ ಹಿಡಿದರೆ ಅಪಘಾತವಾದಾಗ ವಿಮೆ ಕೈ ಎತ್ತುತ್ತದೆ. ತೆಲಂಗಾಣ, ಮಹಾರಾಷ್ಟ್ರ ಗಡಿ ನಮಗೆ ಹತ್ತಿರ. ಜಹೀರಾಬಾದೋ ಸೊಲ್ಲಾಪುರವೋ ದಾರಿಯಲ್ಲಿದ್ದರೆ ಅಂತರರಾಜ್ಯ ಪರವಾನಗಿ ಬೇಕೆಂಬುದು ಚೆಕ್‌ಪೋಸ್ಟಿನಲ್ಲಿ ನೆನಪಾಗುವುದು ಬೇಡ.

ಹಣವನ್ನು ಒಬ್ಬರ ಖಾತೆಗೆ ಹಾಕಿಸಿ, ಲೆಕ್ಕ ಇನ್ನೊಬ್ಬರು ಇಡಲಿ. ಪ್ರವಾಸ ಮುಗಿದ ಮುಂದಿನ ಶುಕ್ರವಾರವೇ ಸುದ್ದಿಪತ್ರದಲ್ಲಿ ಜಮಾ ಖರ್ಚು ಬರಲಿ, ಉಳಿದ ಹತ್ತು ರೂಪಾಯಿಯನ್ನೂ ಸೇರಿಸಿ. ಕೊಡಲು ಆಗದ ಕುಟುಂಬಗಳು ಇಂಥ ಶಾಲೆಯಲ್ಲೂ ಇರುತ್ತವೆ, ಶುಲ್ಕ ಕಟ್ಟಿಯೇ ಬಸವಳಿದವರು. ಅವರ ಪಾಲನ್ನು ತುಂಬುವ ವ್ಯವಸ್ಥೆ ತರಗತಿ ಶಿಕ್ಷಕರಿಗೆ ಮಾತ್ರ ಗೊತ್ತಿರಲಿ.

ತಮ್ಮ ದೊಡ್ಡವರಿಲ್ಲದೆ ಬರುವ ಸಣ್ಣ ಮಕ್ಕಳು ಐದು ಜನರಿಗೆ ಒಬ್ಬ ಹಿರಿಯರಾದರೂ ಇರಲಿ, ಹೆಸರು ಹಿಡಿದು ಹಂಚಿ. ಮಗುವಿನ ಜೇಬಿನಲ್ಲಿ ಪಾಲಕರ ನಂಬರಿನ ಚೀಟಿ ಇರಲಿ, ಬೆನ್ನ ಮೇಲೆ ದೊಡ್ಡದಾಗಿ ಹೆಸರು ಬೇಡ. ಓಆರ್‌ಎಸ್, ಮುಚ್ಚಿದ ಬೂಟು, ಟೋಪಿ. ಹಳೆ ಕೋಟೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ: ಕಲ್ಲು ತೂರುವುದು, ಹೊಗೆ, ಘಾಟು ಸೆಂಟು ಮೂರೂ ಬೇಡ. ಆಂಬುಲೆನ್ಸ್ 108, ಯಾವುದೇ ತುರ್ತಿಗೆ 112, ಮಕ್ಕಳ ಸಹಾಯವಾಣಿ 1098. ಈ ನಂಬರುಗಳು ಪ್ರತಿ ಸುದ್ದಿಪತ್ರದ ಕೆಳಗೆ ಇರಲಿ.

ಹಂತ 8: ಫೋಟೊ

ಮಗುವಿನ ಮುಖ, ಹೆಸರು, ತರಗತಿ, ಶಾಲೆಯ ಹೆಸರು ಎಲ್ಲ ಒಂದೇ ಚಿತ್ರದ ಕೆಳಗೆ ಹಾಕಿ ಫೇಸ್‌ಬುಕ್ಕಿಗೆ ಏರಿಸುವ ಚಟ ನಮ್ಮಲ್ಲಿ ಜಾಸ್ತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಎಣಿಸಿ ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಕೇಳುತ್ತದೆ. ಕಾಯ್ದೆಯ ಮಾತು ಬದಿಗಿಟ್ಟರೂ, ಫೋಟೊ ಬೇಡವೆನ್ನುವ ಮನೆಗೆ ತನ್ನದೇ ಕಾರಣವಿರುತ್ತದೆ: ನಂಬಿಕೆ, ಅಪ್ಪ ಅಮ್ಮ ಬೇರೆಯಾದದ್ದು, ಏನೋ ಹೆದರಿಕೆ. ಕಾರಣ ಕೇಳಬೇಡಿ. ಒಪ್ಪಿಗೆ ಇಲ್ಲದ ಮಕ್ಕಳ ಪಟ್ಟಿ ಫೋಟೊ ತೆಗೆಯುವವರ ಕೈಯಲ್ಲಿರಲಿ. ಗುಂಪಿನ ಚಿತ್ರದಲ್ಲಿ ಮಗುವನ್ನು ಬದಿಗೆ ಸರಿಸಿ ನಿಲ್ಲಿಸಿದರೆ ಅದಕ್ಕೆ ನೋವಾಗುತ್ತದೆ, ಅದರ ಕೈಗೇ ಕ್ಯಾಮೆರಾ ಕೊಟ್ಟುಬಿಡಿ.

ಹಂತ 9: ಮುಂದಿನವರಿಗೆ ಒಪ್ಪಿಸುವುದು

ತಂಡದವರ ಮಕ್ಕಳು ಹತ್ತನೇ ತರಗತಿಗೆ ಬಂದರೆ, ಅಪ್ಪನಿಗೆ ಬೇರೆ ಊರಿಗೆ ವರ್ಗವಾದರೆ ಎಲ್ಲ ಮೊದಲಿನಿಂದ ಶುರುವಾಗುತ್ತದೆ. ಆದ್ದರಿಂದ ಮಾರ್ಚಿನಲ್ಲೇ ಒಂದು ಕಡತ ಮಾಡಿಡಿ: ಖಾಲಿ ನಮೂನೆ, ವರ್ಷದ ಕ್ಯಾಲೆಂಡರ್, ಬಸ್ಸಿನವರ, ಕುಶಲಕರ್ಮಿಗಳ, ಊಟ ಕೊಟ್ಟವರ ನಂಬರು, ಯಾವ ಕಾರ್ಯಕ್ರಮಕ್ಕೆ ಎಷ್ಟು ಮನೆ ಬಂದವು, ಎಷ್ಟು ಖರ್ಚಾಯಿತು. ತುಂಬಿದ ನಮೂನೆಗಳನ್ನು ಮಾತ್ರ ಕಡತದಲ್ಲಿ ಇಡಬೇಡಿ, ಅವು ಶಾಲೆಯ ಕಚೇರಿಗೆ ವಾಪಸು ಹೋಗಲಿ. ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಬದಲಿಸಿ, ಶಾಲೆ ಬಿಟ್ಟ ಕುಟುಂಬಗಳ ನಂಬರು ತೆಗೆದುಹಾಕಿ. ಏಪ್ರಿಲ್ ಮೊದಲ ವಾರದ ಸುದ್ದಿಪತ್ರವನ್ನು ಹೊಸ ತಂಡ ಬರೆಯಲಿ, ಹಳೆಯವರೊಬ್ಬರು ಕಳಿಸುವ ಮುನ್ನ ಓದಿ ನೋಡಲಿ.